ಮಗ್ಗದ ಗಂಟು

ರಾಮವ್ವನ ಮನೆಯ ಗಂಡಸರು ಯಾರೂ ಹಾಸಿಗೆ ಹಿಡಿದು ಸತ್ತವರಲ್ಲ. ಈ ಮಾತನ್ನು ರಾಮವ್ವ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಇಳಕಲ್ಲಿನ ಅರ್ಧ ಊರಿಗೆ ಹೇಳಿ ಮುಗಿಸಿದ್ದಳು. ಮಾವ ಮಗ್ಗಕ್ಕೆ ಹಾಸಿನ ನೂಲು ಹೂಡುತ್ತಿದ್ದವನು ಹಾಗೆಯೇ ಗೋಡೆಗೆ ಒರಗಿದ. ಗಂಡ ಚಹಾ ಕುಡಿದು, ಬಸಿ ಬೋರಲು ಹಾಕಿ, ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟವನು ಮತ್ತೆ ಮೇಲೆ ಏಳಲಿಲ್ಲ. ಈಗ ಶ್ರಾವಣದಲ್ಲಿ ಕಿರಿಯ ಮಗ ಚಂದಪ್ಪ. ನಲವತ್ತು ದಾಟಿ ಒಂದು ವರ್ಷವಾಗಿತ್ತು ಅಷ್ಟೇ. ಸೆರಗಿನ ಕೆಂಪು ರೇಷ್ಮೆಯ ಮೇಲೆ ತಲೆಯಿಟ್ಟು ಮಲಗಿದಂತೆ ಇದ್ದ. ಲಾಳಿ ಕೈಯಲ್ಲೇ ಇತ್ತು.

"ಕೆಮ್ಮಲಿಲ್ಲ, ನರಳಲಿಲ್ಲ. ಯಾರ ಕೈಲೂ ಒಂದು ದಿನ ಗಂಜಿ ಹಾಕಿಸಿಕೊಳ್ಳಲಿಲ್ಲ. ನೂಲು ಹರದಂಗ ಹೋದ್ರು," ಎನ್ನುತ್ತಿದ್ದಳು ರಾಮವ್ವ. "ಇಂಥಾ ಸಾವು ಬೇಕಂದ್ರ ಸಿಗತೈತೇನ ಶಮಶಾದಬಿ?"

ಪಕ್ಕದ ಮನೆಯ ಶಮಶಾದಬಿ ಎಲೆಗೆ ಸುಣ್ಣ ಸವರುತ್ತ ತಲೆಯಾಡಿಸುತ್ತಿದ್ದಳು. "ಪುಣ್ಯ ಮಾಡ್ಯಾರ ಬಿಡವ್ವ. ನಮ್ಮನಿಯವರು ನೋಡು, ಆರು ವರ್ಷ ಮಂಚದ ಮ್ಯಾಲ ಮಲಗಿ ನನ್ನ ಜೀವ ತಿಂದ್ರು. ಚಹಾ ಸಪ್ಪಗಾದ್ರೂ ಬೈಗಳ, ಬಿಸಿ ಆದ್ರೂ ಬೈಗಳ."

ಹಿರಿಯ ಸೊಸೆ ಲಕ್ಕವ್ವ ಒಳಗೆ ರೊಟ್ಟಿ ಬಡಿಯುತ್ತ ಇದನ್ನು ಕೇಳುತ್ತಿದ್ದಳು. ಈ ಮನೆಗೆ ಬಂದಾಗಿನಿಂದ ಕೇಳುತ್ತಿದ್ದ ಮಾತು. ಮೊದಮೊದಲು ಅವಳಿಗೂ ಅದು ಹೆಮ್ಮೆಯ ಮಾತಾಗಿಯೇ ಕೇಳಿಸಿತ್ತು. ತವರಿಗೆ ಹೋದಾಗ ತಾನೂ ಹೇಳಿದ್ದುಂಟು.

ಆ ಮನೆಯಲ್ಲಿ ಈಗ ಉಳಿದ ಗಂಡಸರು ಇಬ್ಬರು. ಲಕ್ಕವ್ವನ ಗಂಡ ಬಾಬಣ್ಣ, ಮಗ ಶ್ರೀಧರ. ಬಾಬಣ್ಣನಿಗೆ ಐವತ್ತು. ಓಣಿಯ ತುಂಬ ಪವರ್‌ಲೂಮುಗಳು ಬಂದರೂ ಅವನು ಕುಣಿಮಗ್ಗ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿತ್ತು. ಅದು ಬಿಟ್ಟರೆ ಅದರ ಸದ್ದು ನಿಂತದ್ದು ಮನೆಯಲ್ಲಿ ಸಾವಾದ ದಿನ ಮಾತ್ರ. ಶ್ರೀಧರನಿಗೆ ಇಪ್ಪತ್ತಾರು. ಅವನು ಮಗ್ಗಕ್ಕೆ ಇಳಿದವನೇ ಅಲ್ಲ. ನೇಯ್ದ ಸೀರೆಗಳನ್ನು ಬೈಕಿಗೆ ಕಟ್ಟಿಕೊಂಡು ಹುನಗುಂದ, ಬಾಗಲಕೋಟೆ, ಬಾದಾಮಿಯ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ. ನೂಲು ಸುತ್ತುವ ಕಂಡಿಕೆಯ ಕೋಲಿನಂಥ ಸಣಕಲು ಹುಡುಗ. "ಗಾಳಿಗೆ ಹಾರತೀ ನೋಡು" ಎಂದು ಅಜ್ಜಿ ದಿನಾಲು ಅವನ ರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಡುತ್ತಿದ್ದಳು.

ಚಂದಪ್ಪನ ಹೆಂಡತಿ ಮಹಾದೇವಿ ಪಡಸಾಲೆಯ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಗಂಡ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು. ಮಗಳು ಚೇತನಾ ಹುನಗುಂದದ ಕಾಲೇಜಿಗೆ ದಿನಾಲು ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಎಲ್ಲ ಶುರುವಾದದ್ದು ಒಂದು ಜೊತೆ ಬೂಟಿನಿಂದ.

ಬಾದಾಮಿಯಲ್ಲಿ ಪ್ರವಾಸಿಗರು ಬರುವ ಹೊಸ ಅಂಗಡಿಯೊಂದು ಇಳಕಲ್ ಸೀರೆ ಇಡಲು ಒಪ್ಪಿತ್ತು. ಚಪ್ಪಲಿಯಲ್ಲಿ ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆಂದು ಶ್ರೀಧರ ಕಪ್ಪು ಬೂಟು ಕೊಂಡ. ಸಂಜೆ ಬಂದವನು ಹೊಸ್ತಿಲಲ್ಲೇ ಕುಳಿತು ಬೂಟು ಎಳೆದೊಗೆದ.

"ಯವ್ವಾ, ಕೊಬ್ಬರಿ ಎಣ್ಣಿ ಕೊಡ. ಹಿಮ್ಮಡ ಸುಲದು ಹೋಗೈತಿ."

ಲಕ್ಕವ್ವ ಎಣ್ಣೆ ಬಟ್ಟಲು ತಂದು ತಾನೇ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಚರ್ಮ ಕೆಂಪಾಗಿತ್ತು. ಹಿಮ್ಮಡದ ಮೇಲಿನ ನರದ ಮೇಲೆ ಎಣ್ಣೆ ಸವರಿದಾಗ ಅವಳ ಹೆಬ್ಬೆರಳು ಒಂದು ಗಟ್ಟಿಯಾದ ಉಬ್ಬಿಗೆ ತಾಗಿ ನಿಂತಿತು. ಹುಣಸೆ ಬೀಜದಷ್ಟು ದಪ್ಪ. ಒತ್ತಿದರೆ ಜಾರಲಿಲ್ಲ.

ಅದನ್ನು ಅವಳು ಬಲ್ಲಳು. ಗಂಡನ ಎರಡೂ ಕಾಲಲ್ಲಿ ಇತ್ತು. ಚಂದಪ್ಪನಿಗೂ ಇತ್ತು. ಅವನ ಹೆಣದ ಕಾಲು ಮುಟ್ಟಲು ಬಂದ ಹಳೆಯ ನೇಕಾರರು ಆ ಗಂಟನ್ನು ಸವರಿ, "ನೇಕಾರನ ಕಾಲು ಅಂದ್ರ ಇದು" ಎಂದು ಕಣ್ಣಿಗೆ ಒತ್ತಿಕೊಂಡಿದ್ದರು. ಚಿಕ್ಕಂದಿನಿಂದ ತುಳಿಮಣೆ ತುಳಿದು ತುಳಿದು ಬೆಳೆದ ಗಂಟು. ಮನೆಯಲ್ಲಿ ಅದಕ್ಕೆ ಮಗ್ಗದ ಗಂಟು ಎಂದೇ ಹೆಸರು. ಬೇರೆ ಮನೆಯ ನೇಕಾರರಿಗೆ ಯಾಕೆ ಇಲ್ಲ ಎಂದು ಯಾರಾದರೂ ಕೇಳಿದರೆ, ಅವರು ಗಟ್ಟಿಯಾಗಿ ತುಳಿಯುವುದಿಲ್ಲ ಎಂದು ರಾಮವ್ವ ಹೇಳುತ್ತಿದ್ದಳು.

ಲಕ್ಕವ್ವ ಇನ್ನೊಂದು ಕಾಲನ್ನೂ ಎಳೆದುಕೊಂಡು ನೋಡಿದಳು. ಅಲ್ಲೂ ಇತ್ತು.

"ನೀ ಯಾವಾಗ ಮಗ್ಗ ತುಳದೀಯೋ?" ಎಂದಳು.

"ನಾ ಎಲ್ಲಿ ತುಳೀಲಿ? ಸಣ್ಣಾಂವ ಇದ್ದಾಗ ಕುಣ್ಯಾಗ ಇಳದು ಅಪ್ಪನ ಕೈಲಿ ಒದಿಸಿಕೊಂಡಿದ್ದೆ, ಅಷ್ಟ."

"ಮತ್ತ ಇದು ಎಲ್ಲಿಂದ ಬಂತು?"

"ಏನು?"

ಲಕ್ಕವ್ವ ಅವನ ಬೆರಳನ್ನು ಹಿಡಿದು ಅದರ ಮೇಲಿಟ್ಟಳು. ಶ್ರೀಧರ ಒತ್ತಿ ನೋಡಿ ನಕ್ಕ. "ಅಪ್ಪನ ಆಸ್ತಿ ನನಗ ಬಂತಲ್ಲವ್ವ. ಮಗ್ಗ ಇಲ್ಲದ ಗಂಟು!"

ಊಟಕ್ಕೆ ಕುಳಿತಾಗ ಲಕ್ಕವ್ವ ಮಾತು ತೆಗೆದಳು. ಬಾಬಣ್ಣ ಕಾಳಿನ ಪಲ್ಯ ಬಡಿಸಿಕೊಳ್ಳುತ್ತಿದ್ದ.

"ನಮ್ಮ ಶ್ರೀಧರಗ ಹಿಮ್ಮಡದ ಮ್ಯಾಲ ಗಂಟಾಗೈತಿ. ನಿಮ್ಮಂಥಾದ್ದ."

"ಆಗಲಿ ಬಿಡು. ನೇಕಾರನ ಮಗ ಅಂತ ಗೊತ್ತಾಗತೈತಿ."

"ಅಂವ ಮಗ್ಗಕ್ಕ ಕಾಲ ಹಚ್ಚಿಲ್ಲ."

"ಹಚ್ಚದಿದ್ರ ಏನಾತು? ರಕ್ತದಾಗ ಬಂದಿರತೈತಿ."

ರಾಮವ್ವ ಮೊಮ್ಮಗನ ರೊಟ್ಟಿಗೆ ಬೆಣ್ಣೆ ಇಟ್ಟಳು. "ಅವರಪ್ಪ ತುಳದಾನ, ಅಜ್ಜ ತುಳದಾನ. ಇವನ ಕಾಲು ಅದನ್ನ ಮರೀತೈತೇನು? ತಿನ್ನು ತಮ್ಮಾ."

ಎಲ್ಲರೂ ನಕ್ಕರು. ಮಹಾದೇವಿ ಮಾತ್ರ ತಾಟಿನಿಂದ ತಲೆ ಎತ್ತಿ ಲಕ್ಕವ್ವನನ್ನು ನೋಡಿದಳು.

ಲಕ್ಕವ್ವನಿಗೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು. ಪಾತ್ರೆ ತಿಕ್ಕುವಾಗ, ಜೋಳ ಹಸನು ಮಾಡುವಾಗ, ನೂಲಿಗೆ ಗಂಜಿ ಕಾಯಿಸುವಾಗ ಅವಳು ಅದನ್ನೇ ಯೋಚಿಸುತ್ತಿದ್ದಳು. ಗಂಟಿದ್ದ ಗಂಡಸರೆಲ್ಲ ಹಾಗೆ ಹೋದರು. ಗಂಟು ಮಗ್ಗದ್ದಲ್ಲವಾದರೆ ಮತ್ತೆ ಯಾವುದರದು?

ಮುಂದಿನ ಅಮಾವಾಸ್ಯೆಗೆ ಶ್ರೀಧರ ಬಾಗಲಕೋಟೆಗೆ ಹೊರಟಾಗ ಲಕ್ಕವ್ವ ಸೀರೆ ಬದಲಿಸಿಕೊಂಡು ಬಂದಳು.

"ನನ್ನ ಮೊಣಕಾಲು ಭಾಳ ನೋಯಾಕತ್ತೈತಿ. ಡಾಕ್ಟರಿಗೆ ತೋರಿಸ್ಕೊಂಡ ಬರೂಣು."

"ಗಾಡಿ ಮ್ಯಾಲ ಇಷ್ಟು ದೂರ ಕುಂತ್ರ ಇನ್ನಷ್ಟು ನೋಯತೈತಿ."

"ನೋಯಲಿ. ನಡಿ."

ಡಾಕ್ಟರ್ ಸವಿತಾ ನಡುವಯಸ್ಸಿನ ಹೆಂಗಸು. ಲಕ್ಕವ್ವನ ಮೊಣಕಾಲನ್ನು ಮಡಚಿ ಬಿಡಿಸಿ ನೋಡಿ, "ಏನೂ ಇಲ್ಲಲ್ಲ ಇಲ್ಲಿ?" ಎಂದಳು.

"ಹೌದ್ರಿ, ಏನೂ ಇಲ್ಲ. ಇವನ ಕಾಲು ನೋಡ್ರಿ."

"ಯವ್ವಾ!" ಎಂದ ಶ್ರೀಧರ.

"ಬಾಯಿ ಮುಚ್ಚು. ಪ್ಯಾಂಟ್ ಮ್ಯಾಲ ಮಾಡು."

ಡಾಕ್ಟರು ಹಿಮ್ಮಡದ ನರವನ್ನು ಎರಡು ಬೆರಳಲ್ಲಿ ಹಿಡಿದು ಮೇಲಿನಿಂದ ಕೆಳಗೆ ಸವರಿದಳು. ಇನ್ನೊಂದು ಕಾಲನ್ನೂ ನೋಡಿದಳು. ಆಮೇಲೆ ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿನ ರೆಪ್ಪೆಯ ಮೂಲೆ ನೋಡಿದಳು.

"ಮನ್ಯಾಗ ಯಾರಿಗಾದ್ರೂ ಹಾರ್ಟಿನ ತೊಂದ್ರಿ ಐತೇನಪಾ?"

"ಇಲ್ರಿ," ಎಂದ ಶ್ರೀಧರ ತಟ್ಟನೆ. "ನಮ್ಮ ಮನ್ಯಾಗ ಯಾರಿಗೂ ಜಡ್ಡಿಲ್ಲ. ಎಲ್ಲಾರೂ ಛಲೋ ಇದ್ದಾಗನ ಹೋಗ್ಯಾರ."

ಬರೆಯುತ್ತಿದ್ದ ಡಾಕ್ಟರು ಪೆನ್ನು ಕೆಳಗಿಟ್ಟಳು. "ಯಾರ್ಯಾರು ಹೋಗ್ಯಾರ?"

ಲಕ್ಕವ್ವ ಹೇಳಿದಳು. ಮಾವನ ಅಪ್ಪ, ಮಾವ, ಮೈದುನ. ಕಟ್ಟೆಯ ಮೇಲೆ ಅತ್ತೆ ಹೇಳುತ್ತಿದ್ದ ಕ್ರಮದಲ್ಲೇ ಹೇಳಿದಳು. ಆದರೆ ಈ ಕೋಣೆಯಲ್ಲಿ ಕುಳಿತು ಹೇಳುವಾಗ ಅದು ಬೇರೆಯೇ ಕತೆಯಾಗಿ ಕೇಳಿಸಿತು. ಚಂದಪ್ಪನ ವಯಸ್ಸು ಹೇಳುವಾಗ ಅವಳ ದನಿ ಸಣ್ಣದಾಯಿತು.

ರಕ್ತ ಕೊಟ್ಟು, ಎದೆಯ ಇ.ಸಿ.ಜಿ. ಪಟ್ಟಿ ತೆಗೆಸಿ, ಹೊರಗೆ ಬೆಂಚಿನ ಮೇಲೆ ಕುಳಿತು ಬುತ್ತಿಯ ರೊಟ್ಟಿ ಬಿಚ್ಚಿದರು. ಶ್ರೀಧರ ತಿನ್ನಲಿಲ್ಲ, ಮೊಬೈಲು ನೋಡುತ್ತ ಕುಳಿತ. ಮಧ್ಯಾಹ್ನ ಮತ್ತೆ ಒಳಗೆ ಕರೆದರು.

"ಇದು ಮಗ್ಗದ್ದಲ್ಲ," ಎಂದಳು ಡಾಕ್ಟರು. "ಕೊಲೆಸ್ಟ್ರಾಲ್ ಅಂತ ಕೇಳೀರಲ್ಲ, ರಕ್ತದಾಗಿನ ಕೊಬ್ಬು? ಇವಗ ಅದು ಹುಟ್ಟಿನಿಂದ ಹೆಚ್ಚು. ಅಪ್ಪನ ಕಡಿಂದ ಬಂದದ್ದು. ಹೊರಗ ಹೋಗಬೇಕಾದ ಕೊಬ್ಬು ಹೋಗದ ಈ ನರದಾಗ ಬಂದು ಕುಂತೈತಿ. ಇಲ್ಲಿ ಕುಂತದ್ದು ನಮ್ಮ ಕೈಗೆ ಸಿಗತೈತಿ. ಎದಿ ಒಳಗಿನ ಸಣ್ಣ ಸಣ್ಣ ನಾಳದಾಗ ಕುಂತದ್ದು ಕೈಗೆ ಸಿಗೂದಿಲ್ಲ."

"ಇಂವ ಇಷ್ಟು ಸಣ್ಣಗದಾನಲ್ರಿ?"

"ಸಣ್ಣಗಿದ್ದವರಿಗೂ ಬರತೈತಿ. ಅದಕ್ಕ ಯಾರಿಗೂ ಸಂಶಯ ಬರೂದಿಲ್ಲ."

"ಈಗ ಏನರ ಆಗೇತೇನ್ರಿ ಇವಗ?"

"ಈಗ ಏನೂ ಆಗಿಲ್ಲ. ಪಟ್ಟಿ ಛಲೋ ಐತಿ. ಆಗಬಾರದು ಅಂತನ ಗುಳಿಗಿ ಕೊಡಾಕತ್ತೇನಿ."

"ಬೆಣ್ಣಿ ಬಿಟ್ರ ಸಾಕಾಗಂಗಿಲ್ಲೇನ್ರಿ?"

"ಬೆಣ್ಣಿ, ಕರದದ್ದು ಕಡಿಮಿ ಮಾಡ್ರಿ. ದಿನಾ ಅಡ್ಡಾಡಬೇಕು. ಬಾಯಾಗಿನ ಆ ಗುಟಕಾ ಇವತ್ತ ಉಗುಳಬೇಕು. ಆದರ ಅವು ಒಂದರಿಂದನ ಇದು ಹೋಗೂದಿಲ್ಲವ್ವ. ಗುಳಿಗಿ ಬೇಕು, ದಿನಾಲು."

"ಎಷ್ಟು ದಿನಾರಿ?" ಎಂದ ಶ್ರೀಧರ.

"ಮುದುಕ ಆಗೂತನ," ಎಂದಳು ಡಾಕ್ಟರು. "ನಿಮ್ಮ ಅಪ್ಪನ್ನೂ ಕರಕೊಂಡು ಬಾ. ನಿಮ್ಮ ಕಾಕಾನ ಮಕ್ಕಳಿದ್ರ ಅವರನ್ನೂ."

ಬರುವಾಗ ಹುನಗುಂದದ ಹತ್ತಿರ ಶ್ರೀಧರ ಗಾಡಿ ನಿಲ್ಲಿಸಿ ಚಹಾ ಕುಡಿಸಿದ. ತಾಯಿಯ ಮುಖ ನೋಡದೆ ಹೇಳಿದ, "ಮನ್ಯಾಗ ಹೇಳಬ್ಯಾಡ."

ಲಕ್ಕವ್ವ ಹೇಳಲಿಲ್ಲ. ಅಡಿಗೆಮನೆ ತನ್ನ ಕೈಯಲ್ಲಿದೆ, ತಾನೇ ಸರಿಮಾಡುತ್ತೇನೆ ಎಂದುಕೊಂಡಳು. ಎಣ್ಣೆಗಾಯಿಗೆ ಎಣ್ಣೆ ಕಡಿಮೆ ಬಿತ್ತು. ಸಂಜೆಯ ಮಿರ್ಚಿ ಬಜ್ಜಿ ನಿಂತಿತು. ಅದರ ಬದಲು ಹೆಸರುಕಾಳಿನ ಉಸುಳಿ, ಸೌತೆಕಾಯಿ, ಹಸಿ ಮೆಂತ್ಯದ ಸೊಪ್ಪು. ಬಾಬಣ್ಣ ಎರಡು ದಿನ ಸುಮ್ಮನೆ ತಿಂದ. ಮೂರನೆಯ ದಿನ, "ಇದೇನು ಮನಿಯೋ ಕೊಟ್ಟಿಗಿಯೋ? ದಿನಾ ಹಸೇದ ಹಾಕ್ತೀಯಲ್ಲ!" ಎಂದ. ಲಕ್ಕವ್ವ, "ನನಗ ಪಿತ್ತ ಆಗೈತಿ" ಎಂದು ಸಾಗಹಾಕಿದಳು.

ಬೆಣ್ಣೆಯದೇ ತೊಡಕಾಯಿತು. ಗಡಿಗೆಯನ್ನು ಅವಳು ಅಟ್ಟದ ಮೇಲಿಟ್ಟರೆ ರಾಮವ್ವ ಚೇತನಾಳಿಂದ ಇಳಿಸುತ್ತಿದ್ದಳು. ಜೋಳದ ಡಬ್ಬಿಯ ಹಿಂದಿಟ್ಟರೆ ವಾಸನೆ ಹಿಡಿದು ಹುಡುಕುತ್ತಿದ್ದಳು. ಒಂದು ದಿನ ರಾಮವ್ವ ಮೊಮ್ಮಗನ ರೊಟ್ಟಿಗೆ ಇಟ್ಟ ಬೆಣ್ಣೆಯನ್ನು ಲಕ್ಕವ್ವ ಎಲ್ಲರ ಎದುರಿಗೇ ಬೆರಳಲ್ಲಿ ಬಳಿದು ತೆಗೆದಳು.

"ಏನ ಇದು?" ಎಂದಳು ರಾಮವ್ವ. "ಮಗನ ಬಾಯಾಗಿಂದು ಕಸಗೊಳ್ಳೋ ತಾಯಿನ್ನ ಇವತ್ತ ನೋಡಿದೆ."

"ಅತ್ತೀ, ಅಂವಗ ಬೆಣ್ಣಿ ಬ್ಯಾಡ ಅಂದಾರ."

"ಯಾರು?"

ಶ್ರೀಧರ ಕಣ್ಣಲ್ಲೇ ತಾಯಿಯನ್ನು ತಡೆದ. ಆದರೆ ಬೆಣ್ಣೆ ಹತ್ತಿದ ಬೆರಳು ಮುಂದೆ ಚಾಚಿಕೊಂಡು ಕುಳಿತ ಲಕ್ಕವ್ವನಿಗೆ ಇನ್ನು ಮುಚ್ಚಿಡುವುದು ಆಗಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಗಂಟಿನದು, ಕೊಬ್ಬಿನದು, ಎದೆಯ ನಾಳದ್ದು.

ಬಾಬಣ್ಣ ತಾಟು ಸರಿಸಿದ. "ಆಕಿ ಎಂದರ ಕುಣಿಮಗ್ಗ ಕಂಡಾಳೇನು? ಇದು ಮಗ್ಗದ ಗಂಟು. ನಮ್ಮಪ್ಪಂದು, ಅವರಪ್ಪಂದು."

"ಶ್ರೀಧರ ಯಾವ ಮಗ್ಗ ತುಳದಾನ್ರಿ?"

"ಹೇಳಿದೆನಲ್ಲ, ರಕ್ತದಾಗ ಬಂದೈತಿ."

"ಡಾಕ್ಟರೂ ಅದನ್ನ ಅಂದ್ರು."

ಚೇತನಾ ಓಢಣಿ ಬಾಯಿಗೆ ಒತ್ತಿ ನಗು ತಡೆದಳು. ಬಾಬಣ್ಣನ ಮುಖ ಬಿಗಿಯಿತು. ರಾಮವ್ವ ಮಾತ್ರ ನಿಧಾನವಾಗಿ ಎದ್ದಳು. ಅವಳ ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

"ನನ್ನ ಗಂಡ ದೇವರಂಗ ಹೋದ. ನನ್ನ ಮಗ ದೇವರಂಗ ಹೋದ. ಸತ್ತವರಿಗೆ ಜಡ್ಡು ಹಚ್ಚಬ್ಯಾಡ ಲಕ್ಕವ್ವ. ನಿನಗ ಛಲೋ ಆಗೂದಿಲ್ಲ."

ಅಂದಿನಿಂದ ರಾಮವ್ವ ಲಕ್ಕವ್ವನೊಂದಿಗೆ ಮಾತು ಬಿಟ್ಟಳು. ಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು. "ನೀರು ಕಾದಾವೇನೋ" ಎಂದು ಗೋಡೆಗೆ ಅಂದರೆ ಲಕ್ಕವ್ವ ಬಕೆಟ್ಟು ತಂದಿಡುತ್ತಿದ್ದಳು. "ಸಾರಿಗೆ ಉಪ್ಪು ಯಾರಪ್ಪ ಹಾಕ್ಯಾರು" ಎಂದರೆ ಉಪ್ಪು ತಂದಿಡುತ್ತಿದ್ದಳು. ಲಕ್ಕವ್ವನಿಗೆ ಸಿಟ್ಟು ಬರಲಿಲ್ಲ. ಮುದುಕಿಯ ಹತ್ತಿರ ಇದ್ದದ್ದು ಅದೊಂದೇ ಸಮಾಧಾನ, ಅದಕ್ಕೇ ತಾನು ಕೈ ಹಾಕಿದೆ ಎಂದು ಅವಳಿಗೆ ಗೊತ್ತಿತ್ತು. ಬಾಬಣ್ಣನನ್ನು ಬಾಗಲಕೋಟೆಗೆ ಬರಲು ಕೇಳಿದಾಗೆಲ್ಲ, "ಅಮಾಸಿ ಬರಲಿ, ನೋಡೂಣು" ಎನ್ನುತ್ತಿದ್ದ. ಅಮಾವಾಸ್ಯೆ ಬಂದರೆ ಮಗ್ಗದ ಹಗ್ಗ ಬಿಗಿಯುವುದಿರುತ್ತಿತ್ತು, ಇಲ್ಲವೆ ಕೂಡಲಸಂಗಮಕ್ಕೆ ಹೋಗುವುದಿರುತ್ತಿತ್ತು.

ಶ್ರೀಧರ ಕೆಲವು ವಾರ ಊಟವಾದ ಮೇಲೆ ಗುಳಿಗೆ ನುಂಗಿದ. ಗುಟಕಾ ಬಿಟ್ಟು ಬಡೇಸೋಪು ಅಗಿದ. ಹಬ್ಬದ ವ್ಯಾಪಾರ ಶುರುವಾಗಿ ಬಾದಾಮಿಗೆ ಎರಡು ದಿನಕ್ಕೊಮ್ಮೆ ಓಡಾಟವಾಯಿತು. ಒಂದು ಸಂಜೆ ಲಕ್ಕವ್ವ ಅವನ ಅಂಗಿ ಒಗೆಯಲು ತೆಗೆದರೆ ಕಿಸೆಯಿಂದ ಗುಟಕಾದ ಘಮ ಬಂತು. ಗೋಡೆಯ ಮಾಡದಲ್ಲಿದ್ದ ಗುಳಿಗೆಯ ಪಾಕೀಟಿನ ಮೇಲೆ ಧೂಳು ಕೂತಿತ್ತು.

"ಯಾಕೋ, ಗುಳಿಗಿ ತಗೋಳಾಕತ್ತಿಲ್ಲೇನು?"

"ಇಲ್ಲ." ಅವನು ಮುಚ್ಚಿಡಲಿಲ್ಲ. "ಅಪ್ಪಗ ಐವತ್ತಾತು. ಅಂವ ತಗೋತಾನೇನು? ಗುಂಡುಕಲ್ಲ ಇದ್ದಂಗ ಅದಾನ. ನನಗ ಏನಾಗೈತಿ? ನಿನ್ನೆ ಬಾದಾಮ್ಯಾಗ ಗುಡ್ಡದ ಮೆಟ್ಟಲಾ ಓಡಿ ಹತ್ತೇನಿ. ಜೋಡಿ ಬಂದಿದ್ದ ನಮ್ಮ ಓಣಿ ನಯೀಮ ಅರ್ಧಕ್ಕ ಕುಂತ. ನಾ ಕುಂದರಲಿಲ್ಲ."

"ಏನೂ ಆಗಿಲ್ಲ ಅಂತನ ಅವರೂ ಅಂದದ್ದು. ಆಗಬಾರದಂತ—"

"ಯವ್ವಾ, ಇಪ್ಪತ್ತಾರಕ್ಕ ಗುಳಿಗಿ ನುಂಗಾಂವ ಅಂತ ಊರಾಗ ಗೊತ್ತಾದ್ರ ನನಗ ಹೆಣ್ಣು ಯಾರು ಕೊಡ್ತಾರ ಹೇಳು?"

ಮೂಲೆಯಲ್ಲಿ ರಾಟಿಯ ಸದ್ದು ನಿಂತಿತು. ಮಹಾದೇವಿ ಕಂಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಇತ್ತ ತಿರುಗಿದ್ದಳು.

"ಶ್ರೀಧರಾ, ನಿಮ್ಮ ಕಾಕಾ ಗುಳಿಗಿ ನುಂಗತಿರಲಿಲ್ಲ," ಎಂದಳು. "ಅವರಿಗೆ ಹೆಣ್ಣು ಕೊಟ್ರು. ನಾನ ಆ ಹೆಣ್ಣು."

ಶ್ರೀಧರ ಗೋಡೆ ನೋಡಿದ. ಲಕ್ಕವ್ವ ಕೈಯಲ್ಲಿದ್ದ ಅಂಗಿಯನ್ನು ಸುಮ್ಮನೆ ಮಡಚತೊಡಗಿದಳು, ಒಗೆಯಬೇಕಾದ ಅಂಗಿಯನ್ನು.

"ದಿನಾ ಕಟ್ಟಿಮ್ಯಾಲ ಕೇಳ್ತೇನಿ, ನೂಲು ಹರದಂಗ ಹೋದ, ಪುಣ್ಯವಂತ ಅಂತ," ಮಹಾದೇವಿಯ ದನಿ ಏರಲಿಲ್ಲ. "ಹೋದವರಿಗೆ ಪುಣ್ಯ ಇರಬಹುದು. ಮುಂಜಾನೆ ಅವರು ಬದನಿಕಾಯಿ ಮಾಡು ಅಂದಿದ್ರು. ನಾ ಹೆಚ್ಚಿಕೋತ ಕುಂತಿದ್ದೆ. ಒಂದು ಮಾತರ ಹೇಳಿ ಹೋಗಲಿಲ್ಲ." ರಾಟಿಯ ಹಿಡಿಕೆಗೆ ಕೈ ಹಾಕಿ, "ಅಕ್ಕಾ, ಶನಿವಾರ ನಾ ಚೇತನಾನ್ನ ಕರಕೊಂಡು ಬಾಗಲಕೋಟಿಗೆ ಹೋಗ್ತೇನಿ. ಆ ಡಾಕ್ಟರ್ ಎಲ್ಲಿ ಕುಂತಿರ್ತಾರ ಹೇಳು," ಎಂದಳು. ರಾಟಿ ಮತ್ತೆ ತಿರುಗಿತು.

ಒಳಕೋಣೆಯ ಬಾಗಿಲಲ್ಲಿ ರಾಮವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ. ಅಂದು ಅವಳು ಗೋಡೆಗೂ ಏನೂ ಹೇಳಲಿಲ್ಲ.

ಶನಿವಾರ ಬಸ್ಸಿಗೆ ಹೊರಟವರ ಜೊತೆ ಶ್ರೀಧರ ನಿಲ್ದಾಣದವರೆಗೆ ಬಂದ. ಚಿಲ್ಲರೆ ಮಾತಾಡುತ್ತ ನಿಂತವನು ಬಸ್ಸು ಬಂದಾಗ ತಾನೂ ಹತ್ತಿದ. "ಅಲ್ಲೊಂದು ಅಂಗಡಿಯವರನ್ನ ಕಾಣೂದೈತಿ" ಎಂದ. ಯಾವ ಅಂಗಡಿ ಎಂದು ಮಹಾದೇವಿ ಕೇಳಲಿಲ್ಲ.

ಚೇತನಾಳ ಕಾಲಲ್ಲಿ ಗಂಟು ಇರಲಿಲ್ಲ. ರಕ್ತದಲ್ಲಿ ಮಾತ್ರ ಆ ಕೊಬ್ಬು ಇತ್ತು. ಸಂಜೆ ಮನೆಗೆ ಬಂದವಳು ಚೀಲ ಮೂಲೆಗೆಸೆದು, ಕೈಕಾಲು ತೊಳೆದು, ಅಜ್ಜಿಯ ಪಕ್ಕದಲ್ಲಿ ಕುಳಿತಳು.

"ಆಯಿ, ನನಗೂ ಐತಂತ."

"ಏನು?"

"ನಿನ್ನ ಗಂಡಂದು. ಅಪ್ಪಂದು. ನನಗೂ ಬಂದೈತಿ."

"ಹೆಣ್ಮಗಳಿಗೆ ಎಲ್ಲಿ ಮಗ್ಗದ ಗಂಟು? ಹುಚ್ಚಿ."

"ಗಂಟು ಇನ್ನೂ ಬಂದಿಲ್ಲ. ಬರೂದರೊಳಗ ಗುಳಿಗಿ ಚಾಲೂ ಮಾಡ್ಯಾರ. ಮದುವಿ ಆಗಿ ಮಕ್ಕಳು ಬೇಕಂದಾಗ ಮೊದಲ ತಮಗ ಬಂದು ಹೇಳಬೇಕು, ಆವಾಗ ಗುಳಿಗಿ ನಿಲ್ಲಸಬೇಕಾಗತೈತಿ ಅಂದ್ರು ಡಾಕ್ಟರು." ಅವಳು ನಕ್ಕಳು. "ನನ್ನ ಮದುವಿ ಮಾತು ಮೊದಲ ತಗದದ್ದು ಅವರ ನೋಡು. ನೀವು ಯಾರೂ ಅಲ್ಲ."

ರಾಮವ್ವ ನಗಲಿಲ್ಲ. ಮೊಮ್ಮಗಳ ಕಾಲನ್ನು ತನ್ನತ್ತ ಎಳೆದುಕೊಂಡಳು. ಇನ್ನೂ ಒದ್ದೆಯಾಗಿದ್ದ ಹಿಮ್ಮಡದ ಮೇಲೆ ಒಣಗಿದ ಹೆಬ್ಬೆರಳನ್ನು ಆಡಿಸಿದಳು, ನೂಲಿನಲ್ಲಿ ಸಿಕ್ಕು ಹುಡುಕುವವಳ ಹಾಗೆ.

"ನೋಯತೈತೇನ?"

"ಇಲ್ಲ ಆಯಿ. ಏನೂ ಆಗೂದಿಲ್ಲ."

"ಅವರಿಗೂ ನೋಯತಿರಲಿಲ್ಲ," ಎಂದಳು ರಾಮವ್ವ.

ಅಂದು ಬಡಿಸುವಾಗ ಬೆಣ್ಣೆಯ ಗಡಿಗೆ ಹೊರಗೆ ಬರಲಿಲ್ಲ. ಊಟವಾದ ಮೇಲೆ ಚೇತನಾ ಮಾಡದಿಂದ ಎರಡು ಗುಳಿಗೆ ತಂದು ಒಂದನ್ನು ಶ್ರೀಧರನ ಅಂಗೈಯಲ್ಲಿಟ್ಟಳು. "ನುಂಗಣ್ಣಾ. ಇಬ್ಬರೂ ಮುಂಜಾನೆದ್ದು ಅಡ್ಡಾಡಾಕ ಹೋಗೂದು. ನೀ ಏಳಲಿಲ್ಲಂದ್ರ ನೀರು ಹಾಕ್ತೇನಿ."

"ನನಗ ಹೆಣ್ಣು ಕೊಡೋರು—"

"ನನಗ ಗಂಡು ಕೊಡೋರ ಮನಿ ನೋಡು. ಅಲ್ಲೇ ನಿನಗೂ ಒಂದು ಹೆಣ್ಣು ಇರತೈತಿ. ನುಂಗು."

ಶ್ರೀಧರ ನುಂಗಿದ. ಲಕ್ಕವ್ವ ನೀರಿನ ತಂಬಿಗೆ ಮುಂದಿಟ್ಟು ಒಳಗೆ ಹೋದಳು. ಬಾಬಣ್ಣ ಇದ್ಯಾವುದೂ ತನಗೆ ಸೇರಿದ್ದಲ್ಲ ಎಂಬಂತೆ ಅಡಕೆ ಕತ್ತರಿಸುತ್ತ ಕುಳಿತಿದ್ದ.

ಮೂರ್ನಾಲ್ಕು ದಿನ ಹೀಗೇ ಕಳೆಯಿತು. ಬಿಸಿಲು ಏರಿದ ಹೊತ್ತು. ಲಕ್ಕವ್ವ ಅಂಗಳದಲ್ಲಿ ನೂಲಿನ ಲಡಿ ಒಣಹಾಕುತ್ತಿದ್ದಳು. ಒಳಗೆ ಬಾಬಣ್ಣನ ಮಗ್ಗ ಒಂದೇ ತಾಳದಲ್ಲಿ ಬಡಿಯುತ್ತಿತ್ತು. ಕಟ್ಟೆಯ ಮೇಲೆ ಶಮಶಾದಬಿ ಬಂದು ಕುಳಿತು ಎಲೆಯ ಚೀಲ ಬಿಚ್ಚಿದಳು. ತಹಶೀಲ್ದಾರ ಕಚೇರಿಯ ಹತ್ತಿರ ಯಾರೋ ಮುದುಕ ವರ್ಷದಿಂದ ಹಾಸಿಗೆಯಲ್ಲಿದ್ದವನು ತೀರಿಕೊಂಡ ಸುದ್ದಿ ಹೇಳಿದಳು.

"ಭಾಳ ನರಳ್ಯಾನಂತ, ಪಾಪ. ಸೊಸಿಗಳಿಗೆ ಸಾಕಾಗಿತ್ತಂತ. ನಿಮ್ಮ ಮನಿ ಗಂಡಸರ ಪುಣ್ಯ ಎಲ್ಲಾರಿಗೂ ಎಲ್ಲಿ ಬರಬೇಕು ರಾಮವ್ವ?"

ಲಕ್ಕವ್ವ ಲಡಿ ಹಿಡಿದು ನಿಂತಳು. ಮಾಮೂಲಿನಂತೆ ಮಾವ, ಗಂಡ, ಮಗ ಒಬ್ಬೊಬ್ಬರಾಗಿ ಅತ್ತೆಯ ಬಾಯಲ್ಲಿ ಬರುತ್ತಾರೆಂದು ಕಾದಳು. ಯಾರೂ ಬರಲಿಲ್ಲ.

"ಸಾಕು ಬಿಡು," ಎಂದಳು ರಾಮವ್ವ.

"ಯಾಕವ್ವ?"

"ನಿನ್ನ ಗಂಡ ಆರು ವರ್ಷ ಮಲಗಿದ್ದ ಅಂತೀಯಲ್ಲ. ಆರು ವರ್ಷ ನೀ ಅಂವನ್ನ ಬೈದಿ, ಅಂವ ನಿನ್ನ ಬೈದ. ಬೈಯಾಕರ ಇದ್ದ." ರಾಮವ್ವ ಎಲೆ ತೆಗೆದುಕೊಳ್ಳಲಿಲ್ಲ. "ನಾ ಮೂವತ್ತಾರಕ್ಕ ಕುಂಕುಮ ಅಳಿಸಿದೆ. ಮಹಾದೇವಿಗೂ ಹೆಚ್ಚುಕಡಿಮಿ ಅಷ್ಟ. ನಮ್ಮ ಮನ್ಯಾಗೂ ಒಬ್ಬ ಗಂಡಸು ಹಲ್ಲುದುರಿ, ಕೆಮ್ಮಿ, ಹಾಸಿಗಿ ಹೊಲಸು ಮಾಡಿ, ಸೊಸಿ ಕೈಲಿ ಬೈಸಿಕೊಂಡು ಸಾಯಲಿ. ನನಗ ಅದು ಬೇಕು."

ಒಳಗೆ ಮಗ್ಗದ ತಾಳ ತಪ್ಪಿತು. ಒಂದು ಬಡಿತ, ಸ್ವಲ್ಪ ತಡೆದು ಇನ್ನೊಂದು. ರಾಮವ್ವ ಗೋಡೆ ಹಿಡಿದು ಎದ್ದು, ಪಡಸಾಲೆ ದಾಟಿ, ಮಗ್ಗದ ಕೋಣೆಯ ಹೊಸ್ತಿಲಲ್ಲಿ ನಿಂತಳು. ಲಕ್ಕವ್ವ ಹಿಂದೆಯೇ ಬಂದಳು.

"ಬಾಬಾ, ಮ್ಯಾಲ ಬಾ."

"ಏನ ಯವ್ವಾ? ಸೆರಗು ಕೂಡಸಾಕತ್ತೇನಿ."

"ಶ್ರೀಧರ ಹೊರಗ ಅದಾನ. ಗಾಡಿ ಐತಿ. ಬಾಗಲಕೋಟಿಗೆ ಹೋಗು."

"ಇನ್ನ ಎಂಟೊಂಬತ್ತು ದಿನಕ್ಕ ಅಮಾಸಿ ಐತಿ. ಆವಾಗ—"

"ಅಮಾಸಿ ಇರತೈತಿ, ಹುಣ್ಣಿವಿ ಇರತೈತಿ. ನಿಮ್ಮಪ್ಪಗೂ ನಾ ನಾಳಿ ತಲಿಗೆ ನೀರು ಹಾಕ್ತೇನಿ ಅಂದಿದ್ದೆ. ಮ್ಯಾಲ ಬಾ ಅಂದೆ."

ಬಾಬಣ್ಣ ತಾಯಿಯ ಮುಖ ನೋಡಿದ. ಹೆಂಡತಿಯ ಮುಖ ನೋಡಿದ. ಲಾಳಿಯನ್ನು ಹಾಸಿನ ಮೇಲಿಟ್ಟ. ಎರಡೂ ಕೈ ಊರಿ ಕುಣಿಯಿಂದ ಕಾಲು ಮೇಲೆತ್ತಿಕೊಂಡ. ಲಕ್ಕವ್ವ ಮಡಚಿಟ್ಟಿದ್ದ ಬಿಳಿ ಅಂಗಿ ತಂದುಕೊಟ್ಟಳು. ಚಪ್ಪಲಿಯನ್ನು ಅವನ ಮುಂದೆ ಜೋಡಿಸಿದಳು. ಚಪ್ಪಲಿಯ ಪಟ್ಟಿಗಿಂತ ಮೇಲೆ, ಹಿಮ್ಮಡದಲ್ಲಿ, ಆ ಎರಡು ಗಂಟುಗಳು ಎದ್ದು ಕಾಣುತ್ತಿದ್ದವು.

"ಊಟ?" ಎಂದ.

"ಉಪಾಸ ಇದ್ರ ಛಲೋ, ರಕ್ತ ತಗೀತಾರ," ಎಂದಳು ಲಕ್ಕವ್ವ. "ಬುತ್ತಿ ಕಟ್ಟೇನಿ. ರಕ್ತ ಕೊಟ್ಟಮ್ಯಾಲ ಉಣ್ರಿ."

"ಎಂದ ಕಟ್ಟಿದಿ?"

"ದಿನಾ ಕಟ್ಟಿ ಇಡಾಕತ್ತೇನಿ. ನೀವು ಹೋಗ್ತಿರಲಿಲ್ಲ, ನಾನ ಮಧ್ಯಾಹ್ನ ಬಿಚ್ಚಿ ತಿಂತಿದ್ದೆ."

ಗಾಡಿ ಓಣಿಯ ತಿರುವು ದಾಟಿತು. ಮನೆ ಸುಮ್ಮನಾಯಿತು. ದೂರದ ಪವರ್‌ಲೂಮುಗಳ ಸದ್ದು ಮಾತ್ರ ಕೇಳುತ್ತಿತ್ತು. ಲಕ್ಕವ್ವ ಒಲೆಯ ಮೇಲೆ ಚಹಾಕ್ಕೆ ಇಟ್ಟಳು.

ಚಹಾ ಕುದಿಯುವುದರೊಳಗೆ ಅಂಗಳದಲ್ಲಿ ಕಾಲ ಸಪ್ಪಳವಾಯಿತು. ಗೋಡೆಗೆ ಗೋಡೆ ಹೊಂದಿದ ಹಿಂದಿನ ಮನೆಯ ಹೆಂಗಸರು ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದರು. ಅವರ ಹಿಂದೆ ನಯೀಮನ ತಾಯಿ ಫರಹಾನಾ, ತಲೆಯ ಮೇಲೆ ಸೆರಗೂ ಇಲ್ಲದೆ. ಅಮಾವಾಸ್ಯೆಯಲ್ಲದ ದಿನ ಈ ಮನೆಯ ಮಗ್ಗ ನಿಂತದ್ದು ಎಲ್ಲರಿಗೂ ಕೇಳಿಸಿತ್ತು. ಬಾಗಿಲಲ್ಲಿ ನಿಂತು, ಈ ಸಲ ಯಾರು ಹೋದರೆಂದು ಕೇಳುವವರಂತೆ ರಾಮವ್ವನನ್ನೇ ನೋಡಿದರು.

ರಾಮವ್ವ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಳು.

"ಏನೂ ಆಗಿಲ್ಲ," ಎಂದಳು. "ದವಾಖಾನಿಗೆ ಹೋಗ್ಯಾನ. ಸಂಜೀಕ ಬರ್ತಾನ." ಆಮೇಲೆ ಬಹಳ ದಿನಗಳ ಮೇಲೆ, ಗೋಡೆಗಲ್ಲ, ಸೊಸೆಯ ಕಡೆಗೇ ತಿರುಗಿ, "ಲಕ್ಕವ್ವ, ಎಲ್ಲಾರಿಗೂ ಚಹಾ ಮಾಡು," ಎಂದಳು.